ಜಾಲತಾಣಕ್ಕೂ ಬೇಕು ಪತ್ತು: ಗುಣಮಟ್ಟದ ಬರಹದಿಂದ ಕೊಂಡಿಗಳ ಗಳಿಕೆ

ಪೇಟೆಯಲ್ಲಿ ಹೊಸದಾಗಿ ಅಂಗಡಿ ತೆರೆದ ವರ್ತಕನಿಗೆ ಬಂಡವಾಳದಷ್ಟೇ ಮುಖ್ಯವಾದ ಇನ್ನೊಂದು ಆಸ್ತಿ ಬೇಕಾಗುತ್ತದೆ. ಅದೇ ಪತ್ತು. ಕೈಯಲ್ಲಿ ನಗದಿಲ್ಲದಿದ್ದರೂ ಸಗಟು ವ್ಯಾಪಾರಿ ಮಾಲು ಕಳುಹಿಸುವುದು, ನಾಲ್ಕು ಜನ ಹಳೆಯ ವರ್ತಕರು ಆತನ ಮಾತು ನಂಬತಕ್ಕದ್ದೆಂದು ಹೇಳಿದಾಗ ಮಾತ್ರ. ಹೀಗೆ ಹೇಳುವವರನ್ನು ಹಣ ಕೊಟ್ಟು ನಿಲ್ಲಿಸಿದರೆ ಒಂದೆರಡು ವ್ಯವಹಾರ ನಡೆಯಬಹುದು. ಸಂಗತಿ ಬಯಲಾದ ದಿನ ಇದ್ದ ಪತ್ತೂ ಹೋಗುತ್ತದೆ. ಅಂತರಜಾಲದಲ್ಲಿ ಒಂದು ಸಂಸ್ಥೆಯ ಹೆಸರು ಮೇಲೇರುವ ಬಗೆಯೂ ಇದಕ್ಕಿಂತ ಹೆಚ್ಚು ಭಿನ್ನವಾಗಿಲ್ಲ.

ಇಂದು ಸಣ್ಣ ಕೈಗಾರಿಕಾ ಘಟಕಗಳಲ್ಲಿ ಹಲವು ತಮ್ಮದೇ ಜಾಲತಾಣವನ್ನು ಹೊಂದಿವೆ. ಆದರೆ ಅವುಗಳಲ್ಲಿ ಬಹುಪಾಲು ಭೇಟಿಚೀಟಿಯ ವಿಸ್ತೃತ ರೂಪಗಳು: ಸ್ಥಾಪಕರ ಚಿತ್ರ, ಕಾರ್ಖಾನೆಯ ಚಿತ್ರ, ಉತ್ಪನ್ನಗಳ ಪಟ್ಟಿ, ದೂರವಾಣಿ ಸಂಖ್ಯೆ. ತಾಣದಿಂದ ವಿಚಾರಣೆಗಳು ಬಾರದೆ ಮಾಲೀಕರು ಬೇಸತ್ತಿರುವ ಹೊತ್ತಿಗೆ ಸರಿಯಾಗಿ, ಇಷ್ಟು ಸಾವಿರ ರೂಪಾಯಿಗೆ ಇಷ್ಟು ನೂರು ‘ಬ್ಯಾಕ್‌ಲಿಂಕ್’ ಒದಗಿಸಿ ಗೂಗಲ್‌ನ ಮೊದಲ ಪುಟಕ್ಕೆ ತರುವುದಾಗಿ ಹೇಳುವ ಮಿಂಚಂಚೆಯೊಂದು ಬರುತ್ತದೆ. ಆ ಹಣವನ್ನು ಕೊಡಬೇಕೆ, ಕೊಡದಿದ್ದರೆ ಮಾಡಬೇಕಾದ್ದೇನು ಎಂಬುದು ಈ ಪಾಠದ ವಿಷಯ.

ಕೊಂಡಿ ಎಂದರೆ ಸಾಕ್ಷಿ

ಒಂದು ತಾಣದ ಪುಟದಿಂದ ಮತ್ತೊಂದು ತಾಣದ ಪುಟಕ್ಕೆ ಓದುಗನನ್ನು ಕರೆದೊಯ್ಯುವ ಸಂಪರ್ಕಕ್ಕೆ ಲಿಂಕ್ ಅಥವಾ ಕೊಂಡಿ ಎಂದು ಹೆಸರು. ಅನ್ಯರ ತಾಣಗಳಿಂದ ನಮ್ಮ ತಾಣದತ್ತ ಬರುವ ಕೊಂಡಿಯೇ ಬ್ಯಾಕ್‌ಲಿಂಕ್. ಇದಕ್ಕೆ ಬೆಲೆ ಬಂದ ಬಗೆಯನ್ನು ಅರಿತರೆ, ಅದನ್ನು ಗಳಿಸುವ ದಾರಿಯೂ ತಾನಾಗಿ ಗೋಚರಿಸುತ್ತದೆ.

ವಿದ್ವಾಂಸರ ಪ್ರಪಂಚದಲ್ಲಿ ಒಂದು ಪ್ರಬಂಧದ ಮಹತ್ವವನ್ನು, ಅದನ್ನು ಎಷ್ಟು ಜನ ಇತರ ವಿದ್ವಾಂಸರು ಉಲ್ಲೇಖಿಸಿದ್ದಾರೆ ಎಂಬುದರಿಂದ ಅಳೆಯುವ ಪದ್ಧತಿ ಮೊದಲೇ ಇತ್ತು. ಯೂಜೀನ್ ಗಾರ್ಫೀಲ್ಡ್ ಅವರ ಸೈನ್ಸ್ ಸೈಟೇಶನ್ ಇಂಡೆಕ್ಸ್ 1964ರಲ್ಲಿ ಈ ಉಲ್ಲೇಖಗಳನ್ನು ಕ್ರಮಬದ್ಧವಾಗಿ ಪಟ್ಟಿಮಾಡಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಇದೇ ತತ್ತ್ವವನ್ನು ಅಂತರಜಾಲಕ್ಕೆ ಅನ್ವಯಿಸಿ, 1998ರಲ್ಲಿ ಸುಮಾರು 2.4 ಕೋಟಿ ಪುಟಗಳ ಮೇಲೆ ಕೆಲಸಮಾಡುತ್ತಿದ್ದ ತಮ್ಮ ಶೋಧಯಂತ್ರದ ವಿವರಗಳನ್ನು ಪ್ರಕಟಿಸಿದರು. ಅದೇ ವರ್ಷ ಗೂಗಲ್ ಸಂಸ್ಥೆ ಸ್ಥಾಪನೆಯಾಯಿತು. ಅವರ ಕ್ರಮಕ್ಕೆ ‘ಪೇಜ್‌ರ‍್ಯಾಂಕ್’ ಎಂದು ಹೆಸರು.

ಅದರ ಲೆಕ್ಕಾಚಾರದಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಎಲ್ಲ ಸಾಕ್ಷಿಗಳಿಗೂ ಒಂದೇ ತೂಕವಿಲ್ಲ. ಸ್ವತಃ ಮಾನ್ಯತೆ ಪಡೆದ ಪುಟದ ಕೊಂಡಿಗೆ ಹೆಚ್ಚು ತೂಕ. ಎರಡನೆಯದು, ಒಂದು ಪುಟ ತನ್ನ ತೂಕವನ್ನು ತಾನು ನೀಡುವ ಕೊಂಡಿಗಳಿಗೆಲ್ಲ ಹಂಚಬೇಕು. ಐದು ಕೊಂಡಿಗಳಿರುವ ಪುಟದಿಂದ ಪ್ರತಿಯೊಂದಕ್ಕೂ ಐದರಲ್ಲೊಂದು ಪಾಲು ದೊರೆತರೆ, ಐನೂರು ಕೊಂಡಿಗಳನ್ನು ಒತ್ತೊತ್ತಾಗಿ ಪೇರಿಸಿದ ಪುಟದಿಂದ ದೊರೆಯುವುದು ಐನೂರರಲ್ಲೊಂದು ಪಾಲು. ಮಾರಾಟಕ್ಕೆಂದೇ ಸಿದ್ಧಪಡಿಸಿದ ಕೊಂಡಿಪಟ್ಟಿಗಳಲ್ಲಿ ಹುರುಳಿಲ್ಲದಿರುವುದಕ್ಕೆ ಇದೊಂದು ಕಾರಣ.

ಶೋಧಯಂತ್ರಗಳು ಇಂದು ಇನ್ನೂ ಹಲವು ಅಂಶಗಳನ್ನು ಪರಿಗಣಿಸುತ್ತವೆ. ಕೊಂಡಿಗಳಿಗೆ ಹಿಂದಿನಷ್ಟು ಪ್ರಾಧಾನ್ಯವಿಲ್ಲವೆಂದು ಗೂಗಲ್‌ನ ಪರಿಣತರೇ 2023ರಲ್ಲಿ ಹೇಳಿದ್ದುಂಟು. ಆದರೂ ಸಂಬಂಧಪಟ್ಟ ಕ್ಷೇತ್ರದ ಒಂದು ಒಳ್ಳೆಯ ತಾಣದಿಂದ ಬರುವ ಕೊಂಡಿ, ಯಂತ್ರದ ಲೆಕ್ಕವನ್ನು ಬದಿಗಿಟ್ಟು ನೋಡಿದರೂ, ನಿಜವಾದ ಗ್ರಾಹಕನನ್ನು ಬಾಗಿಲಿಗೆ ಕರೆತರುವ ದಾರಿಯಾಗಿ ಉಳಿದಿದೆ.

ಕೊಂಡು ತಂದ ಸಾಕ್ಷಿಯ ಗತಿ

ಅಮೆರಿಕದ ಬೃಹತ್ ಚಿಲ್ಲರೆ ಮಾರಾಟ ಸಂಸ್ಥೆಯಾದ ಜೆ. ಸಿ. ಪೆನ್ನಿಯ ಪ್ರಸಂಗ ಇಲ್ಲಿ ಉಲ್ಲೇಖಾರ್ಹ. 2010ರ ಹಬ್ಬದ ಮಾರಾಟದ ಕಾಲದಲ್ಲಿ ಉಡುಪು, ಹಾಸಿಗೆ ಬಟ್ಟೆ, ನೆಲಹಾಸು ಮುಂತಾದ ಸಾಮಾನ್ಯ ಪದಗಳಿಗೆ ಗೂಗಲ್‌ನಲ್ಲಿ ಅದರ ಹೆಸರೇ ಮೊದಲು ಕಾಣಿಸುತ್ತಿತ್ತು. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದರ ಹಿನ್ನೆಲೆಯನ್ನು ಬಯಲಿಗೆಳೆಯಿತು. ಬಹುಮಟ್ಟಿಗೆ ವಿಷಯಕ್ಕೆ ಸಂಬಂಧವೇ ಇಲ್ಲದ ತಾಣಗಳ ಎರಡು ಸಾವಿರಕ್ಕೂ ಹೆಚ್ಚು ಪುಟಗಳಲ್ಲಿ ಪೆನ್ನಿಯ ತಾಣದತ್ತ ಕೊಂಡಿಗಳನ್ನು ನೆಡಲಾಗಿತ್ತು. ಗೂಗಲ್ ಕ್ರಮ ಕೈಗೊಂಡಿತು. ಪತ್ರಿಕೆ ಗಮನಿಸುತ್ತಿದ್ದ 59 ಪದಗಳಿಗೆ ಫೆಬ್ರವರಿ 1ರಂದು ಸರಾಸರಿ 1.3 ಆಗಿದ್ದ ಪೆನ್ನಿಯ ಸ್ಥಾನ ಫೆಬ್ರವರಿ 10ರ ವೇಳೆಗೆ 52ಕ್ಕೆ ಕುಸಿದಿತ್ತು. ಆ ಕೊಂಡಿಗಳಿಗೆ ತನ್ನ ಅನುಮತಿ ಇರಲಿಲ್ಲವೆಂದು ತಿಳಿಸಿದ ಸಂಸ್ಥೆ, ತನ್ನ ಶೋಧ ಸಲಹೆಗಾರರನ್ನು ಕೈಬಿಟ್ಟಿತು.

ಸಣ್ಣ ಉದ್ದಿಮೆದಾರರಿಗೆ ಈ ಪ್ರಸಂಗದ ಪಾಠ ಸ್ಪಷ್ಟ. ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಹೊಣೆ ಗುತ್ತಿಗೆಗೆ ಹೋಗುವುದಿಲ್ಲ. ದೊಡ್ಡ ಸಂಸ್ಥೆಗೆ ಬೇರೆ ಮಾರಾಟ ಮಾರ್ಗಗಳಿರುತ್ತವೆ. ವಿಚಾರಣೆಗಳಿಗೆ ಜಾಲತಾಣವನ್ನೇ ನೆಚ್ಚಿದ ಹತ್ತು ಜನರ ಘಟಕಕ್ಕೆ ಇಂತಹ ಪೆಟ್ಟನ್ನು ತಾಳಿಕೊಳ್ಳುವುದು ಕಷ್ಟ.

ಆನಂತರದ ವರ್ಷಗಳಲ್ಲಿ ನಿಯಮಗಳು ಇನ್ನಷ್ಟು ಬಿಗಿಯಾದವು. 2012ರ ಏಪ್ರಿಲ್‌ನಲ್ಲಿ ‘ಪೆಂಗ್ವಿನ್’ ಎಂಬ ಪರಿಷ್ಕರಣೆ ಕೃತಕ ಕೊಂಡಿಗಳನ್ನು ಗುರಿಯಾಗಿಸಿಕೊಂಡಿತು. 2016ರಲ್ಲಿ ಅದು ಗೂಗಲ್‌ನ ಮೂಲ ಲೆಕ್ಕಾಚಾರದ ಭಾಗವೇ ಆಯಿತು. 2022ರ ಡಿಸೆಂಬರ್‌ನಿಂದ ‘ಸ್ಪ್ಯಾಮ್‌ಬ್ರೇನ್’ ಎಂಬ ವ್ಯವಸ್ಥೆ ಕೊಂಡಿಗಳನ್ನು ಕೊಳ್ಳುವ ತಾಣಗಳನ್ನೂ ಮಾರುವ ತಾಣಗಳನ್ನೂ ಪತ್ತೆಹಚ್ಚುವ ಕೆಲಸದಲ್ಲಿ ತೊಡಗಿದೆ. ಹೀಗೆ ಪತ್ತೆಯಾದ ಕೊಂಡಿಗಳನ್ನು ಹಲವು ವೇಳೆ ಲೆಕ್ಕಕ್ಕೇ ತೆಗೆದುಕೊಳ್ಳಲಾಗುವುದಿಲ್ಲ. ಅಂದರೆ ದಂಡ ಬೀಳದಿದ್ದರೂ, ಕೊಟ್ಟ ಹಣವೆಲ್ಲ ನೀರಿನಲ್ಲಿ ಹೋಮ. ಜಾಹೀರಾತು ನೀಡಿ ಕೊಂಡಿ ಪಡೆಯುವುದು ತಪ್ಪಲ್ಲ. ಆದರೆ ಅದು ಪ್ರಾಯೋಜಿತವೆಂದು ಪುಟದ ಸಂಕೇತದಲ್ಲಿ ಗುರುತಿಸಿರಬೇಕು.

ಎಂತಹ ಬರಹಕ್ಕೆ ಕೊಂಡಿ ದೊರೆಯುತ್ತದೆ?

ಯಾರೂ ಮತ್ತೊಬ್ಬರ ಬೆಲೆಪಟ್ಟಿಗೆ ಸುಮ್ಮನೆ ಕೊಂಡಿ ನೀಡುವುದಿಲ್ಲ. ತಮ್ಮ ಓದುಗರಿಗೆ ತಾವೇ ವಿವರಿಸಬೇಕಾಗಿದ್ದ ವಿಷಯವನ್ನು ಇನ್ನೊಬ್ಬರು ಚೆನ್ನಾಗಿ ವಿವರಿಸಿಟ್ಟಿದ್ದರೆ ಅತ್ತ ಕೈತೋರುತ್ತಾರೆ.

ಈ ತತ್ತ್ವ ಅಂತರಜಾಲಕ್ಕಿಂತ ಹಳೆಯದು. ಫ್ರಾನ್ಸಿನ ಟೈರ್ ತಯಾರಕರಾದ ಮಿಶೆಲಿನ್ ಸೋದರರು 1900ರಲ್ಲಿ ವಾಹನ ಮಾಲೀಕರಿಗಾಗಿ ಒಂದು ಕೈಪಿಡಿಯನ್ನು ಸುಮಾರು 35,000 ಪ್ರತಿಗಳಲ್ಲಿ ಅಚ್ಚುಹಾಕಿಸಿ ಉಚಿತವಾಗಿ ಹಂಚಿದರು. ಅದರಲ್ಲಿ ನಕ್ಷೆಗಳು, ಟೈರ್ ಬದಲಿಸುವ ವಿಧಾನ, ದುರಸ್ತಿಗಾರರ ಮತ್ತು ಹೋಟೆಲುಗಳ ವಿವರಗಳಿದ್ದವು. ಪ್ರಯಾಣಿಕನಿಗೆ ದಾರಿಯಲ್ಲಿ ಬೇಕಾಗುವುದನ್ನು ಒದಗಿಸಿದ್ದರಿಂದ ಜನ ಅದನ್ನು ಜೋಪಾನವಾಗಿಟ್ಟುಕೊಂಡರು. ವಾಹನ ಹೆಚ್ಚು ಓಡಿದಷ್ಟೂ ಟೈರು ಸವೆಯುತ್ತದೆಂಬ ಲೆಕ್ಕ ತಯಾರಕರಿಗೆ ತಿಳಿಯದ್ದೇನಲ್ಲ.

ಅಂತರಜಾಲ ಕಾಲದ ಉದಾಹರಣೆಯಾಗಿ ಅಮೆರಿಕದ ವರ್ಜೀನಿಯಾ ರಾಜ್ಯದ ರಿವರ್ ಪೂಲ್ಸ್ ಎಂಬ ಸಂಸ್ಥೆಯನ್ನು ನೋಡಬಹುದು. ಮನೆಗಳಿಗೆ ಫೈಬರ್‌ಗ್ಲಾಸ್ ಈಜುಕೊಳ ಅಳವಡಿಸುತ್ತಿದ್ದ ಈ ಸಣ್ಣ ಸಂಸ್ಥೆ 2008ರ ಆರ್ಥಿಕ ಕುಸಿತದಿಂದ ಮುಚ್ಚುವ ಸ್ಥಿತಿಗೆ ಬಂದಿತ್ತು. ಪಾಲುದಾರರಲ್ಲಿ ಒಬ್ಬರಾದ ಮಾರ್ಕಸ್ ಶೆರಿಡನ್, ಗ್ರಾಹಕರು ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಪಟ್ಟಿಮಾಡಿ ಒಂದೊಂದಕ್ಕೂ ತಾಣದಲ್ಲಿ ಉತ್ತರ ಬರೆಯತೊಡಗಿದರು. ಕೊಳಕ್ಕೆ ಎಷ್ಟು ಖರ್ಚಾಗುತ್ತದೆ, ಫೈಬರ್‌ಗ್ಲಾಸ್ ಕೊಳದ ದೋಷಗಳೇನು ಎಂಬಂತಹ, ಇತರ ವ್ಯಾಪಾರಿಗಳು ಜಾರಿಕೊಳ್ಳುತ್ತಿದ್ದ ಪ್ರಶ್ನೆಗಳನ್ನೂ ಅವರು ಬಿಡಲಿಲ್ಲ. ಸಂಸ್ಥೆ ಚೇತರಿಸಿಕೊಂಡಿತು, 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೇ ಅವರ ಕ್ರಮವನ್ನು ಕುರಿತು ಬರೆಯಿತು. ಒಂದು ಪತ್ರಿಕೆ ಪೆನ್ನಿಯ ಕೊಂಡಿಗಳನ್ನು ಬಯಲಿಗೆಳೆದರೆ, ಅದೇ ಪತ್ರಿಕೆ ಹಳ್ಳಿಗಾಡಿನ ಈ ಕೊಳದ ಕಂಪನಿಯನ್ನು ಓದುಗರಿಗೆ ಪರಿಚಯಿಸಿತು.

ಒಂದು ಮಾದರಿ: ಪಂಪ್‌ಸೆಟ್ ವರ್ತಕರ ಪುಟ

ಈ ತತ್ತ್ವವನ್ನು ಕರ್ನಾಟಕದ ಒಂದು ವ್ಯಾಪಾರಕ್ಕೆ ಅನ್ವಯಿಸಿ ನೋಡೋಣ. ಜಿಲ್ಲಾ ಕೇಂದ್ರವೊಂದರಲ್ಲಿ ಕೊಳವೆಬಾವಿಯ ಪಂಪ್‌ಸೆಟ್ ಮಾರುವ ವರ್ತಕರಿದ್ದಾರೆಂದು ಭಾವಿಸೋಣ. ಅಂಗಡಿಗೆ ಬರುವ ರೈತರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: “ನಮ್ಮ ಬೋರಿನಲ್ಲಿ ಎರಡಿಂಚು ನೀರು ಬಿದ್ದಿದೆ, ಎಷ್ಟು ಎಚ್.ಪಿ. ಮೋಟಾರು ಹಾಕಬೇಕು?” ಈ ಪ್ರಶ್ನೆಯೊಂದರಲ್ಲೇ ಉತ್ತಮ ಬರಹಕ್ಕೆ ಬೇಕಾದ ಸಾಮಗ್ರಿಯೆಲ್ಲ ಅಡಗಿದೆ.

ಮೊದಲು, ‘ಇಂಚು ನೀರು’ ಎಂದರೇನು ಎಂಬುದನ್ನು ಪುಟ ತಿಳಿಸಬೇಕು. ಅದು ಪೈಪಿನ ಅಳತೆಯಲ್ಲ. 90 ಡಿಗ್ರಿ ಕೋನದ ‘ವಿ’ ಆಕಾರದ ಕಚ್ಚಿನ ಮೇಲೆ ಹರಿಯುವ ನೀರಿನ ಎತ್ತರ. ಆ ಕಚ್ಚಿನಲ್ಲಿ ಎರಡಿಂಚು ಎಂದರೆ ಗಂಟೆಗೆ ಸುಮಾರು 2,900 ಲೀಟರ್. ಮೂರಿಂಚು ಎಂದರೆ ಸುಮಾರು 8,000 ಲೀಟರ್. ಒಂದಿಂಚು ಏರಿದರೆ ನೀರು ಒಂದೂವರೆಪಟ್ಟು ಆಗುವುದಿಲ್ಲ, ಎರಡೂಮುಕ್ಕಾಲು ಪಟ್ಟಾಗುತ್ತದೆ. ಇದು ತಿಳಿಯದೆ ಪಂಪು ಕೊಂಡವರು ಒಂದೋ ಹಣ ಕಳೆದುಕೊಳ್ಳುತ್ತಾರೆ, ಇಲ್ಲವೇ ಬಾವಿ ಬರಿದಾಗಿ ಮೋಟಾರು ಸುಟ್ಟುಕೊಳ್ಳುತ್ತಾರೆ.

ಎರಡನೆಯದಾಗಿ, ಅಶ್ವಶಕ್ತಿಯ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಕೊಡಬೇಕು. ಸೆಕೆಂಡಿಗೆ ಎತ್ತಬೇಕಾದ ಲೀಟರ್, ಪೈಪಿನ ಘರ್ಷಣೆಯೂ ಸೇರಿದ ಒಟ್ಟು ಎತ್ತರದ ಮೀಟರ್, ಮತ್ತು 9.81 ಇವುಗಳನ್ನು ಗುಣಿಸಿದರೆ ಬೇಕಾದ ಶಕ್ತಿ ವ್ಯಾಟ್‌ಗಳಲ್ಲಿ ದೊರೆಯುತ್ತದೆ. ಅದನ್ನು ಪಂಪಿನ ದಕ್ಷತೆಯಿಂದ ಭಾಗಿಸಿ, ಬಂದದ್ದನ್ನು 746ರಿಂದ ಭಾಗಿಸಿದರೆ ಅಶ್ವಶಕ್ತಿ ತಿಳಿಯುತ್ತದೆ. ಸೆಕೆಂಡಿಗೆ 2 ಲೀಟರ್ ನೀರು ಮತ್ತು ಶೇಕಡಾ 50 ದಕ್ಷತೆ ಎಂದಿಟ್ಟುಕೊಂಡರೆ, 30 ಮೀಟರ್ ಎತ್ತರಕ್ಕೆ 1.6, 60 ಮೀಟರ್‌ಗೆ 3.2, 90 ಮೀಟರ್‌ಗೆ 4.7, 120 ಮೀಟರ್‌ಗೆ 6.3 ಅಶ್ವಶಕ್ತಿ ಬೇಕಾಗುತ್ತದೆ. 60 ಮೀಟರ್, ಅಂದರೆ ಸುಮಾರು 197 ಅಡಿಯ ಬಾವಿಗೆ 3 ಅಶ್ವಶಕ್ತಿ ಸಾಲದು, ಅದರ ಮೇಲಿನ ಅಳತೆ ಬೇಕು ಎಂಬುದು ಆಗ ರೈತರಿಗೇ ಮನವರಿಕೆಯಾಗುತ್ತದೆ.

ಈ ಕೋಷ್ಟಕವನ್ನು ಅಡಿ ಮತ್ತು ಮೀಟರ್ ಎರಡರಲ್ಲೂ, ಕನ್ನಡದಲ್ಲಿ, ಊಹಿಸಿಕೊಂಡ ದಕ್ಷತೆ ಎಷ್ಟೆಂಬುದನ್ನು ತಿಳಿಸಿ ಪ್ರಕಟಿಸಿದರೆ, ಅದಕ್ಕೆ ಕೊಂಡಿ ನೀಡಲು ಕಾರಣವಿರುವವರು ಅನೇಕರು: ಹನಿ ನೀರಾವರಿ ಸಲಕರಣೆಗಳ ವ್ಯಾಪಾರಿಗಳು, ಕೊಳವೆಬಾವಿ ಕೊರೆಯುವವರು, ಕೃಷಿ ಪತ್ರಿಕೆಗಳು, ರೈತ ಉತ್ಪಾದಕ ಸಂಸ್ಥೆಗಳು, ಪಾಲಿಟೆಕ್ನಿಕ್ ಉಪನ್ಯಾಸಕರು. ಇವರಲ್ಲಿ ಯಾರೂ ಆ ವರ್ತಕರ ಪ್ರತಿಸ್ಪರ್ಧಿಗಳಲ್ಲ. ಆದರೆ ಎಲ್ಲರ ಮುಂದೆಯೂ ಅದೇ ಪ್ರಶ್ನೆ ಬರುತ್ತದೆ.

ಇತರ ಉದ್ದಿಮೆಗಳಲ್ಲಿ

ಪ್ರತಿಯೊಂದು ವ್ಯಾಪಾರದಲ್ಲೂ ಇಂತಹ ಪ್ರಶ್ನೆಗಳಿವೆ.

ಎರಕದ ಉದ್ದಿಮೆಗೆ ಹೆಸರಾದ ಬೆಳಗಾವಿಯ ಘಟಕವೊಂದು, ಭಾರತೀಯ ಮಾನಕಗಳಲ್ಲಿ ಎಫ್‌ಜಿ 260 ಎಂದರೆ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 260 ನ್ಯೂಟನ್ ಕರ್ಷಣ ಬಲ ತಾಳುವ ಬೂದು ಬೀಡು ಕಬ್ಬಿಣವೆಂದೂ, ಎಸ್‌ಜಿ 500/7ರಲ್ಲಿನ 7 ಎಂಬುದು ಮುರಿಯುವ ಮುನ್ನ ಹಿಗ್ಗುವ ಶೇಕಡಾ ಪ್ರಮಾಣವೆಂದೂ ವಿವರಿಸಿ, ಯಾವ ಭಾಗಕ್ಕೆ ಯಾವುದು ಸಾಕು, ಎಲ್ಲಿ ದುಬಾರಿ ದರ್ಜೆ ಅನವಶ್ಯಕ ಎಂಬುದನ್ನು ತಿಳಿಸಬಹುದು. ತನ್ನಲ್ಲೇ ತಿರಸ್ಕೃತವಾದ ಎರಕಗಳ ಚಿತ್ರಗಳನ್ನು ಹಾಕಿ, ಗಾಳಿಗುಳ್ಳೆ ಬಂದದ್ದೇಕೆ, ಅದನ್ನು ಸರಿಪಡಿಸಿದ್ದು ಹೇಗೆ ಎಂದು ಬರೆದರೆ, ಅದು ಹತ್ತು ಪ್ರಮಾಣಪತ್ರಗಳ ಚಿತ್ರಗಳಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ವರ್ತಕರು, ಕಡ್ಡಿ ಮತ್ತು ಡಬ್ಬಿ ತಳಿಗಳ ಅಂತರ, ಬಣ್ಣದ ಮೌಲ್ಯವನ್ನು ಅಳೆಯುವ ಕ್ರಮ, ಶೀತಲಗೃಹದಲ್ಲಿ ಮತ್ತು ಹೊರಗೆ ಇಟ್ಟ ಮಾಲಿನ ಬಣ್ಣ ಇಳಿಯುವ ಬಗೆ ಇವುಗಳನ್ನು ತಮ್ಮದೇ ಮಾಲಿನ ಪರೀಕ್ಷಾ ವರದಿಗಳೊಂದಿಗೆ ಪ್ರಕಟಿಸಬಹುದು. ಹಲವು ವರ್ಷಗಳ ಕಿರ್ದಿ ಪುಸ್ತಕದಿಂದ ತಿಂಗಳುವಾರು ಸರಾಸರಿ ದರಗಳನ್ನು ತೆಗೆದು, ಏರಿಳಿತದ ಕಾರಣಗಳೊಂದಿಗೆ ಕೊಟ್ಟರೆ ಪತ್ರಕರ್ತರೂ ಸಂಶೋಧಕರೂ ಅದನ್ನು ಉಲ್ಲೇಖಿಸುತ್ತಾರೆ.

ಚನ್ನಪಟ್ಟಣದ ಗೊಂಬೆಗಳನ್ನು ಮಾರುವವರು, 2021ರ ಜನವರಿ 1ರಿಂದ ಆಟಿಕೆಗಳಿಗೆ ಜಾರಿಗೆ ಬಂದ ಕಡ್ಡಾಯ ಗುಣಮಟ್ಟ ಆದೇಶವನ್ನೂ, ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿಕೆಯ ಅಧಿಕೃತ ಬಳಕೆದಾರರಿಗೂ ಅದರಲ್ಲಿ ನೀಡಿದ ವಿನಾಯಿತಿಯನ್ನೂ ಸರಳವಾಗಿ ವಿವರಿಸಿದರೆ, ಅದು ಕೊಳ್ಳುವವರಿಗೂ ಸಹ ಉದ್ದಿಮೆದಾರರಿಗೂ ಬೇಕಾದ ಪುಟವಾಗುತ್ತದೆ.

ಈ ಎಲ್ಲ ಉದಾಹರಣೆಗಳಲ್ಲಿ ಸಮಾನವಾದ ಅಂಶವೊಂದಿದೆ. ಇಲ್ಲಿ ಬರೆಯಬೇಕಾದ ಸಂಗತಿ ಮಾಲೀಕರ, ಮೇಸ್ತ್ರಿಯ ಅಥವಾ ಗುಮಾಸ್ತರ ಅನುಭವದಲ್ಲಿದೆ; ಹೊರಗಿನ ಬರಹಗಾರನಿಗೆ ಅದು ಸಿಗುವುದಿಲ್ಲ. ಯಂತ್ರಗಳಿಂದ ರಾಶಿ ರಾಶಿ ಪುಟಗಳನ್ನು ಬರೆಸಿ ತುಂಬುವ ಕ್ರಮವನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ದುರ್ಬಳಕೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ಪ್ರಶ್ನೆಗೆ ಯಂತ್ರವೇ ಸಾರಾಂಶ ರೂಪದ ಉತ್ತರ ಕೊಡುವ ವ್ಯವಸ್ಥೆಯನ್ನು ಭಾರತಕ್ಕೂ ವಿಸ್ತರಿಸಿತು. ಎಲ್ಲೆಡೆ ದೊರೆಯುವ ಸಾಮಾನ್ಯ ಮಾಹಿತಿಗಾಗಿ ಓದುಗ ತಾಣಕ್ಕೆ ಬರುವ ಅಗತ್ಯ ಇದರಿಂದ ಕಡಿಮೆಯಾಗಿದೆ. ಸ್ವಂತ ಅಳತೆ, ಸ್ವಂತ ದಾಖಲೆ, ಸ್ವಂತ ಅನುಭವಗಳ ಬೆಲೆ ಅಷ್ಟರಮಟ್ಟಿಗೆ ಏರಿದೆ.

ಗುಟ್ಟು ಬಿಟ್ಟುಕೊಟ್ಟಂತಾಗುವುದಿಲ್ಲವೇ?

ಇದು ಉದ್ದಿಮೆದಾರರ ಸಹಜವಾದ ಅಂಜಿಕೆ. ಬೆಲೆ ತಿಳಿಸಿದರೆ ಪಕ್ಕದ ಅಂಗಡಿಯವರು ಅದಕ್ಕಿಂತ ಕಡಿಮೆಗೆ ಕೊಡುತ್ತಾರೆ, ವಿಧಾನ ತಿಳಿಸಿದರೆ ನಕಲು ಮಾಡುತ್ತಾರೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವೂ ಇದೆ. ಆದ್ದರಿಂದ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಮೊದಲೇ ನಿರ್ಧರಿಸಬೇಕು. ಮಿಶ್ರಣದ ಸೂತ್ರ, ಗ್ರಾಹಕರ ಹೆಸರು, ಅವರ ನಕ್ಷೆಗಳು, ಖರೀದಿಯ ಮೂಲ ಇವು ಎಂದಿಗೂ ಪ್ರಕಟಣೆಗೆ ಸಲ್ಲವು. ಆದರೆ ಗ್ರಾಹಕ ಅಂಗಡಿಗೆ ಬಂದು ಕೇಳಿದರೆ ಬಾಯಿಮಾತಿನಲ್ಲಿ ಹೇಳುವುದನ್ನು ಬರೆದು ಹೇಳಲು ಹಿಂಜರಿಯಬೇಕಾಗಿಲ್ಲ. ಅದು ಗುಟ್ಟಲ್ಲ, ಪ್ರತಿಸ್ಪರ್ಧಿಗೂ ತಿಳಿದ ವಿಷಯ. ಆತ ಬರೆದಿಲ್ಲ, ಅಷ್ಟೇ. ನಿಖರ ಬೆಲೆ ಹೇಳಲಾಗದಿದ್ದರೆ, ಬೆಲೆ ಏರುವುದಕ್ಕೂ ಇಳಿಯುವುದಕ್ಕೂ ಇರುವ ಕಾರಣಗಳನ್ನು ಹೇಳಬಹುದು.

ಬರೆದ ಮೇಲೆ ಮಾಡಬೇಕಾದ ಕೆಲಸಗಳು

ಬರಹ ಎಷ್ಟೇ ಚೆನ್ನಾಗಿದ್ದರೂ ತಾನಾಗಿ ಎಲ್ಲರ ಕಣ್ಣಿಗೆ ಬೀಳುವುದಿಲ್ಲ. ಈ ಕೆಳಗಿನ ಕ್ರಮಗಳು ಖರ್ಚಿಲ್ಲದವು.

1. ಪುಟ ಯಾರಿಗೆ ಉಪಯುಕ್ತವೋ ಅಂತಹ ಹತ್ತು ಜನರ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಪತ್ರ ಬರೆಯುವುದು. ಒಂದೇ ಒಕ್ಕಣೆಯ ಪತ್ರವನ್ನು ನೂರು ಜನರಿಗೆ ಕಳುಹಿಸುವುದು ಬೇಡ.

2. ಈಗಾಗಲೇ ಸಂಸ್ಥೆಯ ಹೆಸರು ಕಾಣಿಸಿಕೊಂಡಿರುವ ಸರಬರಾಜುದಾರರ, ವಿತರಕರ ಮತ್ತು ಸಂಘಗಳ ತಾಣಗಳಲ್ಲಿ ಕೊಂಡಿ ಇಲ್ಲದಿದ್ದರೆ ಸೇರಿಸುವಂತೆ, ತಪ್ಪಿದ್ದರೆ ತಿದ್ದುವಂತೆ ಕೋರುವುದು.

3. ವಾಣಿಜ್ಯ ಸಂಸ್ಥೆಯ ಸದಸ್ಯರ ಪಟ್ಟಿಯಲ್ಲಿ ತಾಣದ ವಿಳಾಸ ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದು.

4. ತಾಣವನ್ನು ಹೊಸದಾಗಿ ಕಟ್ಟಿಸುವಾಗ ಹಳೆಯ ಪುಟಗಳ ವಿಳಾಸ ಬದಲಾದರೆ, ಹಳೆಯ ವಿಳಾಸಕ್ಕೆ ಬಂದವರು ತಾನಾಗಿ ಹೊಸದಕ್ಕೆ ಹೋಗುವಂತೆ ಶಾಶ್ವತ ಮರುನಿರ್ದೇಶನ ಮಾಡಿಸುವುದು. ಇದನ್ನು ಮರೆತರೆ ವರ್ಷಗಳಿಂದ ಗಳಿಸಿದ ಕೊಂಡಿಗಳು ಒಂದೇ ದಿನದಲ್ಲಿ ಮುಚ್ಚಿದ ಬಾಗಿಲಿಗೆ ತಲುಪುತ್ತವೆ.

5. ತಾಣದ ಹೆಸರಿನ ನೋಂದಣಿ ತಾಣ ಕಟ್ಟಿಕೊಟ್ಟವರ ಹೆಸರಿನಲ್ಲಿರದೆ ಉದ್ದಿಮೆಯ ಹೆಸರಿನಲ್ಲೇ ಇರುವಂತೆ ನೋಡಿಕೊಳ್ಳುವುದು. ಹೆಸರು ಕೈತಪ್ಪಿದರೆ ಪತ್ತೂ ಅದರೊಂದಿಗೇ ಹೋಗುತ್ತದೆ.

ಲೆಕ್ಕ ನೋಡುವ ಬಗೆ

ಗೂಗಲ್ ಉಚಿತವಾಗಿ ಒದಗಿಸುವ ಸರ್ಚ್ ಕನ್ಸೋಲ್‌ನಲ್ಲಿ ತಾಣದ ಒಡೆತನವನ್ನು ದೃಢೀಕರಿಸಿದರೆ, ಯಾವ ತಾಣಗಳಿಂದ ಯಾವ ಪುಟಕ್ಕೆ ಕೊಂಡಿಗಳು ಬಂದಿವೆ, ಜನ ಯಾವ ಪದಗಳನ್ನು ಹುಡುಕಿ ಬಂದಿದ್ದಾರೆ ಎಂಬುದು ತಿಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಇದನ್ನು ನೋಡಿ ಬರೆದಿಟ್ಟರೆ ಸಾಕು. ‘ಪೇಜ್‌ರ‍್ಯಾಂಕ್ 6 ಇರುವ ತಾಣದಿಂದ ಕೊಂಡಿ’ ಎಂದು ಮಾರುವವರನ್ನು ನಂಬಬಾರದು. ಸಾರ್ವಜನಿಕರಿಗೆ ಕಾಣುತ್ತಿದ್ದ ಆ ಅಂಕಿಯನ್ನು ಗೂಗಲ್ 2016ರಲ್ಲೇ ನಿಲ್ಲಿಸಿದೆ. ಖಾಸಗಿ ಸಂಸ್ಥೆಗಳು ನೀಡುವ ಇತರ ಅಂಕಗಳು ಅವರವರ ಅಂದಾಜುಗಳೇ ಹೊರತು ಗೂಗಲ್‌ನ ಅಳತೆಗಳಲ್ಲ.

ಇದೆಲ್ಲದರ ಫಲ ತಕ್ಷಣ ಕಾಣುವುದಿಲ್ಲ. ತಿಂಗಳಿಗೊಂದು ಪ್ರಶ್ನೆಗೆ ಪೂರ್ಣ ಉತ್ತರ ಬರೆದರೆ ವರ್ಷಕ್ಕೆ ಹನ್ನೆರಡು ಪುಟಗಳಾಗುತ್ತವೆ. ಅವುಗಳಲ್ಲಿ ಎರಡೋ ಮೂರೋ ಪುಟಗಳಿಗೆ ಮಾತ್ರ ಗಣನೀಯ ಕೊಂಡಿಗಳು ಬಂದರೂ ಶ್ರಮ ವ್ಯರ್ಥವಲ್ಲ. ಉಳಿದವು ಅಂಗಡಿಗೆ ಬರುವ ಗ್ರಾಹಕನ ಸಂಶಯವನ್ನಾದರೂ ಪರಿಹರಿಸುತ್ತವೆ. ಕೊಂಡ ಕೊಂಡಿಗಳಿಗೆ ಇಂತಹ ಎರಡನೆಯ ಉಪಯೋಗವಿಲ್ಲ.

ಮಿಂಚಂಚೆಯಲ್ಲಿ ಬಂದ ಆಹ್ವಾನಕ್ಕೆ ಉತ್ತರ ಬರೆಯುವ ಮೊದಲು, ಕಳೆದ ಒಂದು ವಾರದಲ್ಲಿ ಗ್ರಾಹಕರು ಫೋನಿನಲ್ಲಿ ಕೇಳಿದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಉದ್ದಿಮೆದಾರರಿಗೆ ಶ್ರೇಯಸ್ಕರ. ಮೂರು ಬಾರಿ ಕಾಣಿಸಿಕೊಂಡ ಪ್ರಶ್ನೆ ಯಾವುದೋ, ತಾಣದಲ್ಲಿ ಮೊದಲು ಉತ್ತರ ಬರೆಯಬೇಕಾದದ್ದು ಅದಕ್ಕೇ.